ಮಗುವಿನ ಪ್ರಶ್ನೆಗೊಂದು ಪುಸ್ತಕ

ಬಾಪೂಜಿ ನಗರದ ಅಪ್ಪ-ಅಮ್ಮಂದಿರೇ, ಗಾಳಿ ಆಂಜನೇಯ ದೇವಸ್ಥಾನದ ಹತ್ತಿರ ಹರಿಯುವ ವೃಷಭಾವತಿಯನ್ನು ನಮ್ಮ ಮಕ್ಕಳು ಮೋರಿ ಎಂದೇ ತಿಳಿದಿದ್ದಾರೆ. ಅದು ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ನದಿಯಲ್ಲಿ ನೊರೆ ಏಳುವುದೇಕೆ? ನೈಲ್ ನದಿಯ ನೆರೆಯನ್ನೇ ನಂಬಿ ಈಜಿಪ್ಟಿನವರು ಬೇಸಾಯ ಮಾಡಿದ್ದು ಹೇಗೆ? ಇಂಥ ಪ್ರಶ್ನೆ ಹುಟ್ಟಿದ ದಿನವೇ ಪುಸ್ತಕ ತೆರೆಯಿರಿ, ಪಕ್ಕದಲ್ಲಿ ಭೂಪಟವೂ ಇರಲಿ.

ಕಥೆ ಪುಸ್ತಕ ಬೇಡ ಅನ್ನುತ್ತಿಲ್ಲ. ಜೊತೆಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದಂಥ ಪತ್ರಿಕೆಯನ್ನೂ ಓದಿಸಿ. ನಿರಂಜನರು ಸಂಪಾದಿಸಿದ 7 ಸಂಪುಟಗಳ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಎಲ್ಲಾದರೂ ಸಿಕ್ಕರೆ, 1970ರ ದಶಕದ್ದು, ಹಳತಾಯಿತು ಎಂದು ಬದಿಗಿಡಬೇಡಿ. ಆ ಕಾಲಕ್ಕೆ ಪ್ಲೂಟೊ ಒಂಬತ್ತನೆಯ ಗ್ರಹ. 2006ರಲ್ಲಿ ಖಗೋಳಜ್ಞರು ಅದನ್ನು ಕುಬ್ಜಗ್ರಹಗಳ ಸಾಲಿಗೆ ಸೇರಿಸಿದರು. ಹೀಗೆ ಏನೇನು ಬದಲಾಗಿದೆ, ಏಕೆ ಬದಲಾಯಿತು ಎಂದು ಮಗುವೇ ಹುಡುಕಲಿ. ಹೊಸ ಸಾಕ್ಷ್ಯ ಬಂದಾಗ ಹಳೆಯ ತಿಳಿವನ್ನು ತಿದ್ದಿಕೊಳ್ಳುವುದೇ ವಿಜ್ಞಾನದ ಜೀವಾಳ, ಬಾಯಿಪಾಠದಿಂದ ಅದು ದಕ್ಕುವುದಿಲ್ಲ.

ಓದಿ ಮುಗಿಸಿದ ಕೂಡಲೇ ಪರೀಕ್ಷೆಯಂತೆ ಪ್ರಶ್ನೆ ಕೇಳಬೇಡಿ, ದಯವಿಟ್ಟು. ಮಗುವೇ ನಿಮಗೆ ವಿವರಿಸಲಿ. ತಪ್ಪಿದರೆ ಇಬ್ಬರೂ ಕೂತು ಆ ಪುಟವನ್ನು ಇನ್ನೊಮ್ಮೆ ಓದಿ.