‘ಒಣ’ ದ್ರಾಕ್ಷಾಮದ್ಯ

ದ್ರವವೊಂದನ್ನು ‘ಒಣ’ ಎಂದು ಕರೆಯುವುದು ವಿಚಿತ್ರವಲ್ಲವೆ? ಜರ್ಮನಿಯ ಬಿಳಿ ದ್ರಾಕ್ಷಾಮದ್ಯದ ಎಷ್ಟೋ ಸೀಸೆಗಳ ಮೇಲೆ ‘ಟ್ರೋಕನ್’ ಎಂಬ ಮಾತನ್ನು ಕಾಣುವೆವು. ಒಣಗಿದುದು ಎಂದೇ ಅದರ ಅರ್ಥ. ಇಲ್ಲಿ ಒಣಗಿರುವುದು ನೀರಲ್ಲ, ಸಕ್ಕರೆ. ದ್ರಾಕ್ಷಿಯ ರಸದಲ್ಲಿನ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡ್ ಅನಿಲವಾಗಿಯೂ ಒಡೆಯುತ್ತದೆ. ಸಕ್ಕರೆಯು ಬಹುಮಟ್ಟಿಗೆ ತೀರುವವರೆಗೆ ಈ ಕ್ರಿಯೆ ನಡೆದರೆ ಮದ್ಯವು ಒಣದೆನಿಸುವುದು.

ಇದಕ್ಕೆ ಕಾನೂನಿನ ಮಿತಿಯೂ ಉಂಟು. ಲೀಟರಿಗೆ 4 ಗ್ರಾಂ ಸಕ್ಕರೆ ಉಳಿದಿರಬಹುದು. ಆಮ್ಲವು ಸಕ್ಕರೆಗಿಂತ 2 ಗ್ರಾಂಗಿಂತ ಹೆಚ್ಚು ಕಡಮೆಯಿಲ್ಲದಿದ್ದರೆ 9 ಗ್ರಾಂವರೆಗೂ ಸಲ್ಲುವುದು. ಎಂದರೆ, 8 ಗ್ರಾಂ ಸಕ್ಕರೆಯಿರುವ ಮದ್ಯದಲ್ಲಿ 6 ಗ್ರಾಂ ಆಮ್ಲವಾದರೂ ಇರಬೇಕು. ಹುಳಿಯ ಮುಂದೆ ಸಿಹಿ ತಗ್ಗಿ ತೋರುವುದೆಂಬುದನ್ನು ಈ ಕಾನೂನು ಮಾಡಿದವರು ಬಲ್ಲರು!

ಈ ಹುಳಿ ಎಲ್ಲಿಂದ ಬಂದಿತು? ರೀಸ್ಲಿಂಗ್ ಎಂಬ ದ್ರಾಕ್ಷಿಗೆ ಹೆಸರಾದ ಮೋಸೆಲ್ ನದಿಯ ಕಣಿವೆಯು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಗಲಿರುಳು ಸಮವಾದ ಸೆಪ್ಟೆಂಬರ್ ದಿನದಲ್ಲಿ ಅಲ್ಲಿ ನಡುಹಗಲ ಸೂರ್ಯನು ದಿಗಂತದಿಂದ 40 ಡಿಗ್ರಿ ಮಾತ್ರ ಮೇಲಿರುವನು. ಸಮತಟ್ಟಾದ ನೆಲಕ್ಕೆ ನೇರ ಬಿಸಿಲಿನ ಸುಮಾರು ಶೇಕಡಾ 64 ಪಾಲು ದೊರೆತರೆ, ದಕ್ಷಿಣಕ್ಕೆ 50 ಡಿಗ್ರಿ ವಾಲಿದ ಇಳಿಜಾರಿಗೆ ಪೂರ್ಣವಾಗಿ ದೊರೆಯುವುದು. ಆದುದರಿಂದಲೇ ಅಲ್ಲಿನ ರೈತರು ಮೇಕೆ ಹತ್ತಬೇಕಾದ ಕಡೆ ಬಳ್ಳಿ ನೆಟ್ಟಿರುವರು. ಬ್ರೆಮ್ ಊರಿನ ಕಾಲ್ಮೊಂಟ್ ಗುಡ್ಡದ ಇಳಿಜಾರು ಕೆಲವೆಡೆ 65 ಡಿಗ್ರಿಯಷ್ಟಿದೆ. ಕಪ್ಪು ಸ್ಲೇಟುಕಲ್ಲಿನ ನೆಲವು ಹಗಲಿನಲ್ಲಿ ಹೀರಿದ ಶಾಖವನ್ನು ಇರುಳಿನಲ್ಲಿ ಬಿಟ್ಟುಕೊಡುತ್ತದೆ. ಹೀಗೆ ಹಣ್ಣು ಮಾಗುವುದು. ಆದರೆ ಗಾಳಿ ತಂಪಾಗಿರುವುದರಿಂದ ಹಣ್ಣಿನ ಉಸಿರಾಟದಲ್ಲಿ ಮ್ಯಾಲಿಕ್ ಆಮ್ಲವು ಬೇಗ ವ್ಯಯವಾಗದು.

ಈಗ ಊಟದ ಮಾತು. ಬೆಣ್ಣೆಯಲ್ಲಿ ಕರಿದ ಟ್ರೌಟ್ ಮೀನು, ಹಂದಿಮಾಂಸ, ಹೊಗೆಯಲ್ಲಿ ಒಣಗಿಸಿದ ಮೀನು, ಇವುಗಳ ಕೊಬ್ಬಿನ ಜಿಡ್ಡನ್ನು ಹುಳಿಯು ಬಾಯಲ್ಲಿ ನೀರೂರಿಸಿ ತೊಳೆಯುತ್ತದೆ. ಕರಿದ ಮೀನಿಗೆ ನಾವು ನಿಂಬೆಹಣ್ಣು ಹಿಂಡುವುದೂ ಇದಕ್ಕೇ. ವಸಂತದಲ್ಲಿ ಬರುವ ಬಿಳಿ ಆಸ್ಪರಾಗಸ್ ದಂಟನ್ನು ಬೆಣ್ಣೆಯೊಡನೆ ಬಡಿಸಿದಾಗ, ಫ್ರಾಂಕನ್ ಪ್ರಾಂತದವರು ಸ್ವಲ್ಪ ಸೌಮ್ಯವಾದ ಸಿಲ್ವಾನರ್ ಮದ್ಯವನ್ನೇ ಮೆಚ್ಚುವರು. ರೂಢಿಯಂತೆ ಜೂನ್ 24ಕ್ಕೆ ಆ ದಂಟಿನ ಕೊಯ್ಲು ಮುಗಿಯುವುದು.

ಸಿಹಿತಿಂಡಿಗೆ ಒಣ ಮದ್ಯವು ಸಲ್ಲದು. ಕಾರಣವನ್ನು ವಾಚಕರು ಮದ್ಯವಿಲ್ಲದೆಯೇ ಅರಿಯಬಹುದು: ನಿಂಬೆಯ ಪಾನಕವನ್ನು ಒಮ್ಮೆ ಸುಮ್ಮನೆಯೂ, ಒಮ್ಮೆ ಬೆಲ್ಲ ತಿಂದ ಬಳಿಕವೂ ಕುಡಿದು ನೋಡಿರಿ. ಎರಡನೆಯ ಸಲ ಅದು ಹುಳಿಯೊಂದೇ ಆಗಿ ತೋರುವುದು.

ಮೆಣಸಿನಕಾಯಿಯ ಅಡಿಗೆಗೂ ಇದು ಸರಿಹೊಂದದೆಂದೇ ನಮ್ಮ ಅಭಿಪ್ರಾಯ. ಖಾರವನ್ನೂ ಸುಡುವ ಶಾಖವನ್ನೂ ನರಗಳಲ್ಲಿ ಒಂದೇ ಗ್ರಾಹಕವು ಗುರುತಿಸುತ್ತದೆ. ಅದು ಸುಮಾರು 42 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಚ್ಚರಗೊಳ್ಳುವುದು. ಮದ್ಯಸಾರವು ಈ ಮಿತಿಯನ್ನು ಸುಮಾರು 34 ಡಿಗ್ರಿಗೆ ಇಳಿಸುವುದೆಂದು 2002ರಲ್ಲಿ ಕಂಡುಬಂದಿತು. ದೇಹದ ಉಷ್ಣತೆಯೇ ಅದಕ್ಕಿಂತ ಹೆಚ್ಚಲ್ಲವೆ! ಉರಿಯುವ ಬಾಯಿ ಮತ್ತಷ್ಟು ಉರಿಯುವುದು.

ಹಿಂದೆ ಚಳಿಯ ವರ್ಷಗಳಲ್ಲಿ ಹಣ್ಣಿಗೆ ಸಾಕಷ್ಟು ಸಕ್ಕರೆ ಬರುವುದೇ ಕಷ್ಟವಾಗಿತ್ತು. ಭೂಮಿ ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಸಕ್ಕರೆ ಸುಲಭವಾಗಿ ತುಂಬುತ್ತದೆ, ಆದರೆ ಆಮ್ಲವು ಕುಗ್ಗುತ್ತದೆ. ಬೆಳೆಗಾರರು ಕೊಯ್ಲನ್ನು ಮುಂಚಿತವಾಗಿ ನಡೆಸುತ್ತಿರುವರು. ಒಂದು ಕಾಲಕ್ಕೆ ತೀರ ತಂಪೆನಿಸಿದ್ದ ಪಕ್ಕದ ಕಣಿವೆಗಳತ್ತ ಈಗ ಅವರ ದೃಷ್ಟಿ ಹೊರಳಿದೆ.