ಹದಿನೆಂಟು ತುಂಬುವ ಮಗಳು, ನಾಲ್ಕು ಊರಿನ ಯುರೋಪ್ ಪ್ರವಾಸ

ಬಳ್ಳಾರಿಯ ಗಾಂಧಿನಗರದ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಪ್ಪನದು ಜೀನ್ಸ್ ಹೊಲಿಗೆಯ ಸಣ್ಣ ಘಟಕ, ಜೊತೆಗೆ ಸಿರುಗುಪ್ಪ ಕಡೆ ಪಿತ್ರಾರ್ಜಿತ ಭತ್ತದ ಗದ್ದೆ. ಅಮ್ಮ ಕಾಲೇಜಿನಲ್ಲಿ ಉಪನ್ಯಾಸಕಿ. ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ಜೂನ್ ಮೊದಲ ವಾರ ಅವಳಿಗೆ ಹದಿನೆಂಟು ತುಂಬುತ್ತದೆ. ಮಗನಿಗೆ ಹದಿಮೂರು. ಮೇ ಕೊನೆಗೆ ಹೊರಟು ಪ್ಯಾರಿಸ್, ಲೂಸರ್ನ್, ವೆನಿಸ್, ರೋಮ್ ನೋಡಿಕೊಂಡು ಬರುವ ಯೋಚನೆ. ನಡುವೆ ಎರಡು ದಿನ ಲಂಡನ್ನೂ ಸೇರಲಿ ಎಂಬುದು ಮಗಳ ಹಟ.

ಈ ಮನೆಯವರು ಎಲ್ಲರಂತೆ ವಿಮಾನದ ದರ ನೋಡುವುದರಿಂದ ಶುರು ಮಾಡಿದರೆ ಎಡವುತ್ತಾರೆ. ಬೆಳೆದ ಮಕ್ಕಳಿರುವ ಕುಟುಂಬ ಮೊದಲು ನೋಡಬೇಕಾದದ್ದು ಮಕ್ಕಳ ಹುಟ್ಟಿದ ದಿನಾಂಕವನ್ನು. 12, 15, 18. ಈ ಮೂರು ವಯಸ್ಸು ದಾಟುವಾಗ ಕಾನೂನು ಮಕ್ಕಳನ್ನು ಬೇರೆ ಬೇರೆ ರೀತಿ ನೋಡುತ್ತದೆ. ಒಂದು ಹಾಳೆಯ ಮೇಲೆ ಮನೆಮಂದಿಯ ಜನ್ಮದಿನಾಂಕ, ಅದರ ಪಕ್ಕದಲ್ಲಿ ಪಾಸ್‌ಪೋರ್ಟ್ ಮುಗಿಯುವ ದಿನಾಂಕ ಬರೆದುಕೊಳ್ಳಿ. ಮುಂದಿನದೆಲ್ಲ ಆ ಹಾಳೆಯ ಮೇಲೆ ನಿಂತಿದೆ.

ಮಗಳಿಂದಲೇ ಆರಂಭಿಸೋಣ. ಅವಳಿಗೆ ಹದಿನಾಲ್ಕು ವರ್ಷವಿದ್ದಾಗ ಪಾಸ್‌ಪೋರ್ಟ್ ಮಾಡಿಸಿದ್ದರು. ಐದು ವರ್ಷದ್ದಲ್ಲವೇ, ಇನ್ನೂ ಸಮಯವಿದೆ ಎಂದು ಅಪ್ಪ ನಿಶ್ಚಿಂತೆಯಿಂದ ಇದ್ದಾರೆ. ಆದರೆ ಅಪ್ರಾಪ್ತರ ಪಾಸ್‌ಪೋರ್ಟಿನ ಅವಧಿ ಐದು ವರ್ಷ ಅಥವಾ ಹದಿನೆಂಟು ತುಂಬುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಅಂದರೆ ಅವಳ ಪಾಸ್‌ಪೋರ್ಟ್ ಪ್ರವಾಸದ ನಡುವೆಯೇ, ರೋಮ್‌ನಲ್ಲಿದ್ದಾಗ ಮುಗಿದುಹೋಗುತ್ತದೆ. ಅಷ್ಟೇ ಅಲ್ಲ, ಒಂದೇ ವೀಸಾದಲ್ಲಿ ಸುತ್ತಬಹುದಾದ ಷೆಂಗೆನ್ ದೇಶಗಳಿಂದ ಹೊರಡುವ ದಿನದಿಂದ ಮುಂದಕ್ಕೆ ಕನಿಷ್ಠ ಮೂರು ತಿಂಗಳು ಪಾಸ್‌ಪೋರ್ಟ್ ಜೀವಂತವಾಗಿರಬೇಕು, ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಎರಡು ಪುಟ ಖಾಲಿ ಇರಬೇಕು. ಹಾಗಾಗಿ ಅವಳ ಈಗಿನ ಪಾಸ್‌ಪೋರ್ಟಿನ ಮೇಲೆ ವೀಸಾ ಅರ್ಜಿ ಹಾಕುವುದೇ ವ್ಯರ್ಥ.

ಇದಕ್ಕೆ ದಾರಿಯೂ ಇದೆ. 15ರಿಂದ 18ರ ನಡುವಿನವರು ಹದಿನೆಂಟರವರೆಗಿನ ಪಾಸ್‌ಪೋರ್ಟಿನ ಬದಲು ಹತ್ತು ವರ್ಷದ ಪಾಸ್‌ಪೋರ್ಟನ್ನೇ ಕೇಳಬಹುದು. ಮೊದಲನೆಯದಕ್ಕೆ ಶುಲ್ಕ 1,000 ರೂಪಾಯಿ, ಎರಡನೆಯದಕ್ಕೆ 1,500. ಐನೂರು ಉಳಿಸಲು ಹೋಗಬೇಡಿ, ಮರುವಿತರಣೆಯ ಅರ್ಜಿಯಲ್ಲಿ ಹತ್ತು ವರ್ಷವನ್ನೇ ಆರಿಸಿ. ತುರ್ತಿದ್ದರೆ ತತ್ಕಾಲ್‌ಗೆ 2,000 ಹೆಚ್ಚುವರಿ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ಹತ್ತಿರದ ಪಾಸ್‌ಪೋರ್ಟ್ ಸೇವಾ ಕೇಂದ್ರವನ್ನೋ ಅಂಚೆ ಕಚೇರಿಯ ಕೇಂದ್ರವನ್ನೋ ಆರಿಸಿಕೊಳ್ಳಬಹುದು. ಅಂಚೆ ಕಚೇರಿಯ ಕೇಂದ್ರಗಳು 2017ರ ಜನವರಿಯಲ್ಲಿ ಮೈಸೂರಿನಿಂದ ಶುರುವಾದವು. ಬಳ್ಳಾರಿ ಬರುವುದು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ.

ಅಪ್ರಾಪ್ತರ ಅರ್ಜಿಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಘೋಷಣೆ ಬೇಕು. ಅದೇ ಅನುಬಂಧ ಡಿ. ತಂದೆ ತಾಯಿ ಬೇರೆಯಾಗಿದ್ದು ಒಬ್ಬರು ಒಪ್ಪಿಗೆ ಕೊಡದಿದ್ದರೆ ಇನ್ನೊಬ್ಬರು ಅನುಬಂಧ ಸಿ ಕೊಟ್ಟು ಅರ್ಜಿ ಹಾಕಬಹುದು. ‘ಅಪ್ಪನ ಸಹಿ ಇಲ್ಲದೆ ಆಗೋದೇ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಾಯಿ ಎರಡನೇ ದರ್ಜೆಯ ಪಾಲಕಿಯಲ್ಲ ಎಂಬುದನ್ನು ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಬ್ಬ ಪೋಷಕರ ಜೊತೆ ಅಥವಾ ಸೋದರಮಾವನ ಜೊತೆ ಮಕ್ಕಳು ಹೊರಡುವುದಾದರೆ, ಜೊತೆಗೆ ಬಾರದವರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ವೀಸಾ ಅರ್ಜಿಗೂ ಲಗತ್ತಿಸಿ, ಪ್ರಯಾಣದಲ್ಲೂ ಇಟ್ಟುಕೊಳ್ಳಿ.

ಹೆಸರಿನ ತೊಡಕು ನಮ್ಮ ಕಡೆ ತುಸು ಹೆಚ್ಚು. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಹಿಂದೆ, ಜನನ ಪ್ರಮಾಣಪತ್ರದಲ್ಲಿ ಬರೀ ‘ಹೆಣ್ಣು ಮಗು’. ಹೆಸರೇ ಇಲ್ಲದ ಜನನ ಪ್ರಮಾಣಪತ್ರ ಕುರುಗೋಡು, ಸಿರುಗುಪ್ಪದ ಎಷ್ಟೋ ಮನೆಗಳ ಟ್ರಂಕಿನಲ್ಲಿ ಸಿಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಸೆಕ್ಷನ್ 14ರ ಪ್ರಕಾರ ಆಮೇಲೆ ಹೆಸರು ಸೇರಿಸಲು ಅವಕಾಶವಿದೆ. ಜನನ ನೋಂದಾಯಿಸಿದ ಕಚೇರಿಗೇ ಹೋಗಿ ಕೇಳಬೇಕು. ಆದರೆ ಜನನ ಪ್ರಮಾಣಪತ್ರ ಇಲ್ಲದೆ ಪಾಸ್‌ಪೋರ್ಟೇ ಇಲ್ಲ ಎಂಬ ನಿಯಮ ಅನ್ವಯಿಸುವುದು 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದವರಿಗೆ. ನಿಮ್ಮ ಹದಿಹರೆಯದ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ದಾಖಲೆಯಂತಹ ಬೇರೆ ಆಧಾರಗಳು ನಡೆಯುತ್ತವೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು, ವಿಮಾನದ ಟಿಕೆಟ್‌ನಲ್ಲಿ ಅದೇ ಅಕ್ಷರಗಳು ಇರಬೇಕು. ಉಪನಾಮದ ಜಾಗ ಖಾಲಿಯಿದ್ದವರು ದುಬೈ ಮಾರ್ಗ ಹಿಡಿಯುವಾಗ ಎಚ್ಚರವಿರಲಿ. ಒಂಟಿ ಹೆಸರಿನವರಿಗೆ ಪ್ರವಾಸಿ ವೀಸಾ ಕೊಡುವುದನ್ನು ಯುಎಇ 2022ರ ನವೆಂಬರ್‌ನಲ್ಲಿ ನಿಲ್ಲಿಸಿತು. ವಿಮಾನ ನಿಲ್ದಾಣ ಬಿಟ್ಟು ಹೊರಗೆ ಹೋಗುವ ಆಸೆಯಿದ್ದರೆ ಇದು ಅಡ್ಡ ಬರುತ್ತದೆ.

ಇಲ್ಲಿ ಒಂದು ಮಾತನ್ನು ಮನಸ್ಸಿಟ್ಟು ಹೇಳಬೇಕು. ಪಾಸ್‌ಪೋರ್ಟ್ ಕೊಡುವುದು ಸರ್ಕಾರದ ಕೃಪೆಯಲ್ಲ. ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆಯೇ ಪಾಸ್‌ಪೋರ್ಟ್ ಕಾಯ್ದೆ ಬಂದದ್ದು. 1978ರ ಮೇನಕಾ ಗಾಂಧಿ ತೀರ್ಪು ಆ ಹಕ್ಕನ್ನು ಇನ್ನಷ್ಟು ಗಟ್ಟಿ ಮಾಡಿತು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಸೆಕ್ಷನ್ 11ರಡಿ ಮೇಲ್ಮನವಿ ಉಂಟು. ಕಡತ ಎಲ್ಲಿ ನಿಂತಿದೆ ಎಂದು ತಿಳಿಯದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಪೊಲೀಸ್ ಪರಿಶೀಲನೆಗೆ ಮನೆಗೆ ಬಂದವರಿಗೆ ಯಾವ ಶುಲ್ಕವನ್ನೂ ಕೊಡಬೇಕಾಗಿಲ್ಲ.

ವೀಸಾ ಹಾಗಲ್ಲ. ಇನ್ನೊಂದು ದೇಶ ನಮ್ಮನ್ನು ಒಳಗೆ ಬಿಡಲೇಬೇಕು ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಅರ್ಜಿಯನ್ನು ನಿಯಮದಂತೆ ನೋಡಿ ಎಂದು ಕೇಳುವ ಹಕ್ಕು ಇದೆ. 29 ದೇಶಗಳ ಷೆಂಗೆನ್ ವಲಯಕ್ಕೆ 2009ರ ವೀಸಾ ಸಂಹಿತೆಯೇ ಆ ನಿಯಮ. ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂಬುದೇ ಹಲವು ಊರು ಸುತ್ತುವವರ ಮೊದಲ ಗೊಂದಲ. ಹೆಚ್ಚು ದಿನ ಇರುವ ದೇಶಕ್ಕೆ ಹಾಕಬೇಕು, ವಿಮಾನ ಇಳಿಯುವ ದೇಶಕ್ಕಲ್ಲ. ಪ್ಯಾರಿಸ್ ಮೂರು ದಿನ, ಲೂಸರ್ನ್ ನಾಲ್ಕು, ವೆನಿಸ್ ಮೂರು, ರೋಮ್ ಮೂರು ಎಂದಾದರೆ ವೆನಿಸ್ ಮತ್ತು ರೋಮ್ ಸೇರಿ ಇಟಲಿಗೆ ಆರು ದಿನ. ಮೊದಲು ಕಾಲಿಡುವುದು ಪ್ಯಾರಿಸ್‌ನಲ್ಲೇ ಆದರೂ ಅರ್ಜಿ ಇಟಲಿಗೆ. ಮುಖ್ಯ ದೇಶ ಯಾವುದೆಂದು ದಿನಗಳ ಲೆಕ್ಕದಿಂದ ತೀರ್ಮಾನವಾಗದಿದ್ದರೆ ಮಾತ್ರ ಮೊದಲು ಪ್ರವೇಶಿಸುವ ದೇಶಕ್ಕೆ. ಅಪಾಯಿಂಟ್‌ಮೆಂಟ್ ಬೇಗ ಸಿಗುವ ಬೇರೊಂದು ದೇಶಕ್ಕೆ ಹಾಕಿ ಆಮೇಲೆ ಬೇಕಾದಲ್ಲಿಗೆ ಹೋಗಿ ಎಂದು ಸಲಹೆ ಕೊಡುವ ಏಜೆಂಟರಿದ್ದಾರೆ. ಅದಕ್ಕಾಗಿ ಸುಳ್ಳು ಹೋಟೆಲ್ ಬುಕಿಂಗ್ ತೋರಿಸಬೇಕಾಗುತ್ತದೆ. ಸುಳ್ಳು ದಾಖಲೆಯೆಂದರೆ ಸೀದಾ ತಿರಸ್ಕಾರ, ಮತ್ತು ಮಕ್ಕಳು ಮುಂದೆ ಓದಲು ಹೋಗಬೇಕೆಂದಾಗಲೂ ಅದು ದಾಖಲೆಯಲ್ಲಿ ಉಳಿದಿರಬಹುದು.

ಲಂಡನ್ ಆಸೆಗೆ ಬೆಲೆ ಬೇರೆಯೇ ಇದೆ. ಬ್ರಿಟನ್ ಮತ್ತು ಐರ್ಲೆಂಡ್ ಷೆಂಗೆನ್‌ನಲ್ಲಿಲ್ಲ. ಬ್ರಿಟನ್ನಿಗೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಪ್ಯಾರಿಸ್‌ನಿಂದ ಲಂಡನ್‌ಗೆ ಹೋಗಿ ಮತ್ತೆ ಲೂಸರ್ನ್‌ಗೆ ಬರುವುದೆಂದರೆ ಷೆಂಗೆನ್ ವಲಯಕ್ಕೆ ಎರಡನೇ ಸಲ ಪ್ರವೇಶ. ಏಕಪ್ರವೇಶದ ವೀಸಾ ಇದ್ದರೆ ವಾಪಸ್ ಬರಲಾಗದು. ಮಗಳನ್ನು ಒಪ್ಪಿಸಿ ಲಂಡನ್ನನ್ನು ಮೊದಲಿಗೋ ಕೊನೆಗೋ ಇಡುವುದು ಒಳ್ಳೆಯದು, ಇಲ್ಲವಾದರೆ ಅರ್ಜಿಯಲ್ಲೇ ಬಹುಪ್ರವೇಶ ಕೇಳಿ.

ಶುಲ್ಕದಲ್ಲೂ ವಯಸ್ಸೇ ಮುಖ್ಯ. 2024ರ ಜೂನ್ 11ರಿಂದ ಷೆಂಗೆನ್ ವೀಸಾ ಶುಲ್ಕ 90 ಯೂರೊ, ಆರರಿಂದ ಹನ್ನೆರಡರೊಳಗಿನವರಿಗೆ 45. ಹದಿಮೂರರ ಮಗನಿಗೆ ರಿಯಾಯಿತಿ ಇಲ್ಲ. ನಾಲ್ಕು ಜನಕ್ಕೆ 360 ಯೂರೊ, ವೀಸಾ ಸಿಗದಿದ್ದರೆ ಅದು ವಾಪಸ್ ಬರುವುದಿಲ್ಲ. ಹನ್ನೆರಡು ದಾಟಿದವರು ಬೆರಳಚ್ಚು ಕೊಡಬೇಕಾದ್ದರಿಂದ ಮಕ್ಕಳೂ ಖುದ್ದಾಗಿ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರಬಹುದು. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ. ಅರ್ಜಿ ಕೇಂದ್ರದಲ್ಲಿ ಲೌಂಜ್, ಎಸ್ಸೆಮ್ಮೆಸ್, ಫೋಟೊ ಎಂದು ಮುಂದಿಡುವ ಸೇವೆಗಳು ಐಚ್ಛಿಕ, ಬೇಡ ಎನ್ನಲು ಸಂಕೋಚ ಬೇಡ. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಅಗತ್ಯಬಿದ್ದರೆ 45. ಬೇಸಿಗೆಯಲ್ಲಿ ನೂಕುನುಗ್ಗಲು ಇರುವುದರಿಂದ ಮೇ ಪ್ರವಾಸಕ್ಕೆ ಜನವರಿಯಲ್ಲೇ ಕಾಗದ ಜೋಡಿಸಿ. ಅಂದರೆ ಮಗಳ ಪಾಸ್‌ಪೋರ್ಟ್ ಕೆಲಸ ಡಿಸೆಂಬರ್‌ಗೇ ಮುಗಿದಿರಬೇಕು.

ಕಾಗದಗಳ ಪೈಕಿ ಬಳ್ಳಾರಿ ಸೀಮೆಯವರಿಗೆ ಕಷ್ಟ ಕೊಡುವುದು ಆದಾಯದ ದಾಖಲೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಆದಾಯ ತೆರಿಗೆ ರಿಟರ್ನ್ ನೋಡಿದವರಿಗೆ ಈ ಮನೆಗೆ ಇಷ್ಟು ಖರ್ಚು ಮಾಡುವ ಶಕ್ತಿಯಿದೆ ಎಂದು ತೋರುವುದಿಲ್ಲ. ಪಹಣಿ, ಭತ್ತ ಮಾರಿದ ಬಿಲ್ಲು, ಆ ಹಣ ಬ್ಯಾಂಕಿಗೆ ಬಂದ ದಾಖಲೆ ಇಡಿ, ಕನ್ನಡದ ಕಾಗದಗಳನ್ನು ಇಂಗ್ಲಿಷಿಗೆ ಅನುವಾದಿಸಿ ದೃಢೀಕರಿಸಿ ಲಗತ್ತಿಸಿ. ಘಟಕದ ಜಿಎಸ್‌ಟಿ ನೋಂದಣಿ, ಅಮ್ಮನ ರಜೆ ಮಂಜೂರಾತಿ, ಮಗನ ಶಾಲೆಯ ಪತ್ರ ಇವೂ ಇರಲಿ. ಅರ್ಜಿಗೆ ಮುನ್ನ ಸಾಲ ಮಾಡಿ ಖಾತೆಗೆ ದೊಡ್ಡ ಮೊತ್ತ ತುಂಬಿಸುವುದು ಅನುಮಾನಕ್ಕೇ ದಾರಿ. ಪ್ರತಿಯೊಬ್ಬರಿಗೂ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ.

ತಿರಸ್ಕಾರವಾದರೆ ಕಾರಣ ಗುರುತು ಮಾಡಿದ ನಮೂನೆಯನ್ನು ಕೊಡಲೇಬೇಕು, ಮೇಲ್ಮನವಿಯ ದಾರಿಯನ್ನು ಅದರಲ್ಲೇ ತಿಳಿಸಿರಬೇಕು. ಮೇಲ್ಮನವಿಯ ಕ್ರಮ ದೇಶದಿಂದ ದೇಶಕ್ಕೆ ಬೇರೆ. ರಾಯಭಾರ ಕಚೇರಿಗೇ ಮರುಪರಿಶೀಲನೆ ಕೋರುವ ಪದ್ಧತಿಯನ್ನು ಜರ್ಮನಿ 2025ರ ಜುಲೈ 1ರಿಂದ ಕೈಬಿಟ್ಟಿದೆ. ಎಷ್ಟೋ ಸಲ ಕೊರತೆ ಸರಿಪಡಿಸಿ ಹೊಸ ಅರ್ಜಿ ಹಾಕುವುದೇ ಬೇಗದ ದಾರಿ.

ಹಣದ ವಿಷಯ ಬಂದಾಗ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಎಂಬ ಸಾಲು ಬಿಲ್ಲಿನಲ್ಲಿ ಕಾಣುತ್ತದೆ. ವಿದೇಶ ಪ್ರವಾಸದ ಪ್ಯಾಕೇಜ್ ಮೇಲೆ 2025ರ ಏಪ್ರಿಲ್‌ನಿಂದ ಇದು 10 ಲಕ್ಷದವರೆಗೆ ಶೇ 5, ಅದಕ್ಕೆ ಮೇಲ್ಪಟ್ಟು ಶೇ 20 ಇತ್ತು. 2026ರ ಬಜೆಟ್‌ನಲ್ಲಿ ಮೊತ್ತದ ಮಿತಿಯಿಲ್ಲದೆ ಶೇ 2ಕ್ಕೆ ಇಳಿಸುವ ಪ್ರಸ್ತಾಪ ಬಂತು. ನಿಮ್ಮ ಬಿಲ್ಲಿಗೆ ಯಾವ ದರ ಹಾಕಿದ್ದಾರೆ ನೋಡಿ. ಇದು ಹೆಚ್ಚುವರಿ ಖರ್ಚಲ್ಲ, ನಿಮ್ಮ ಪ್ಯಾನ್ ಹೆಸರಲ್ಲಿ ಜಮೆಯಾಗುವ ಮುಂಗಡ ತೆರಿಗೆ. ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸ್ ಪಡೆಯಬಹುದು. ಬರೀ ವಿಮಾನದ ಟಿಕೆಟ್ ಅಥವಾ ಬರೀ ಹೋಟೆಲ್ ಕೊಂಡರೆ ಅದು ಪ್ಯಾಕೇಜ್ ಅಲ್ಲ ಎಂದು 2023ರ ಜೂನ್ 30ರ ಸುತ್ತೋಲೆಯಲ್ಲಿ ನೇರ ತೆರಿಗೆ ಮಂಡಳಿ ಸ್ಪಷ್ಟಪಡಿಸಿದೆ.

ಅಲ್ಲಿ ಇಳಿದ ಮೇಲಿನ ಹಕ್ಕುಗಳನ್ನು ನಮ್ಮವರು ಕೇಳುವುದೇ ಅಪರೂಪ. ಐರೋಪ್ಯ ಒಕ್ಕೂಟದ ನಿಲ್ದಾಣದಿಂದ ಹೊರಡುವ ಯಾವುದೇ ಕಂಪನಿಯ ವಿಮಾನಕ್ಕೆ 2004ರ 261ನೇ ನಿಯಮ ಅನ್ವಯಿಸುತ್ತದೆ. ರೋಮ್‌ನಿಂದ ಹೊರಟ ವಿಮಾನ ಕಂಪನಿಯದೇ ಕಾರಣದಿಂದ ಬೆಂಗಳೂರಿಗೆ ನಾಲ್ಕು ಗಂಟೆಗಿಂತ ಹೆಚ್ಚು ತಡವಾಗಿ ತಲುಪಿದರೆ, 3,500 ಕಿ.ಮೀ. ಮೀರಿದ ದಾರಿಯಾದ್ದರಿಂದ ತಲಾ 600 ಯೂರೊ ಪರಿಹಾರ ಕೇಳಬಹುದು. ಮಕ್ಕಳ ಪಾಲೂ ಅಷ್ಟೇ. ಬೆಂಗಳೂರಿನಿಂದ ಹೋಗುವಾಗ ಐರೋಪ್ಯ ಕಂಪನಿಯ ವಿಮಾನವಾಗಿದ್ದರೆ ಮಾತ್ರ ಆ ನಿಯಮ ಅನ್ವಯ. ರೈಲು ಒಂದು ಗಂಟೆ ತಡವಾದರೆ ಟಿಕೆಟ್ ದರದ ಶೇ 25, ಎರಡು ಗಂಟೆಯಾದರೆ ಶೇ 50. ಸಾಮಾನು ಬರದಿದ್ದರೆ ನಿಲ್ದಾಣ ಬಿಡುವ ಮುಂಚೆಯೇ ಕೌಂಟರಿನಲ್ಲಿ ದೂರು ಬರೆಸಿ ಪ್ರತಿ ಪಡೆಯಿರಿ. ಹಾನಿಗೆ 7 ದಿನ, ವಿಳಂಬಕ್ಕೆ 21 ದಿನದೊಳಗೆ ಲಿಖಿತ ದೂರು ಹೋಗಬೇಕು ಎನ್ನುತ್ತದೆ ಮಾಂಟ್ರಿಯಲ್ ಒಪ್ಪಂದ. ಊರಿಂದ ಊರಿಗೆ ಗಡಿ ಕಾಣಿಸದಿದ್ದರೂ ಪಾಸ್‌ಪೋರ್ಟ್ ಕೈಯಲ್ಲಿರಲಿ, ಕೆಲವು ದೇಶಗಳು ಗಡಿ ತಪಾಸಣೆ ಮತ್ತೆ ತಂದಿವೆ. ಹದಿನೆಂಟರೊಳಗಿನವರಿಗೆ ಲೂವ್ರ್‌ನಲ್ಲಿ ಟಿಕೆಟ್ ದುಡ್ಡಿಲ್ಲ, ವಯಸ್ಸು ತೋರಿಸಲೂ ಪಾಸ್‌ಪೋರ್ಟೇ ಬೇಕು. ಮಗಳು ಹುಟ್ಟುಹಬ್ಬಕ್ಕೆ ಮೊದಲೇ ಪ್ಯಾರಿಸ್ ನೋಡುವಂತೆ ಯೋಜಿಸುವುದು ಜಾಣತನ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ನಂತರ ಭಾರತೀಯ ರಾಯಭಾರ ಕಚೇರಿ. ತುರ್ತು ಸಂಖ್ಯೆ ಅಲ್ಲಿಯೂ 112.

ಪ್ರವಾಸ ಕಂಪನಿ ಹೇಳಿದ ಹೋಟೆಲ್ ಕೊಡಲಿಲ್ಲ, ರದ್ದಾದ ಪ್ರವಾಸದ ಹಣ ಹಿಂತಿರುಗಿಸಲಿಲ್ಲ ಎಂದಾಗ ಮುಂಬೈಗೋ ದೆಹಲಿಗೋ ಅಲೆಯಬೇಕು ಎಂದು ಅಂದುಕೊಂಡು ಎಷ್ಟೋ ಜನ ಕೈಬಿಡುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 34 ಈ ಅಲೆದಾಟ ತಪ್ಪಿಸಿದೆ. ದೂರುದಾರರು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಗಾಂಧಿನಗರದವರಿಗಾಗಲಿ ಸಿರುಗುಪ್ಪ, ಕುರುಗೋಡಿನವರಿಗಾಗಲಿ ಅದು ಬಳ್ಳಾರಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಪ್ರಕರಣ ಇಲ್ಲೇ ನಡೆಯುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ, ಕೆಲವು ವ್ಯಾಜ್ಯಗಳು ಅಲ್ಲೇ ಬಗೆಹರಿಯುತ್ತವೆ. ‘ವೀಸಾ ಗ್ಯಾರಂಟಿ’ ಎಂದು ಆನ್‌ಲೈನ್‌ನಲ್ಲಿ ಹಣ ಕಿತ್ತುಕೊಂಡು ನಾಪತ್ತೆಯಾದವರ ವಿಷಯವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ರೋಶರ್, ವಾಟ್ಸ್‌ಆ್ಯಪ್ ಮಾತುಕತೆ, ರಸೀದಿ, ಅಲ್ಲಿನ ಹೋಟೆಲಿನ ಫೋಟೊ ಯಾವುದನ್ನೂ ಅಳಿಸಬೇಡಿ. ದೂರು ಬರೆಯಲು ನೆರವು ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೂ ಮಕ್ಕಳಿಗೂ ಅಲ್ಲಿ ಆದಾಯ ಕೇಳದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100.