ಮೊದಲ ಈಕ್ವಲೈಜರ್‌ಗೆ ಎರಡು ಗುಂಡಿ ಸಾಕು

ಡಲ್ಲಾಸ್, ಟೆಕ್ಸಸ್



ಹ್ಯೂಸ್ಟನ್ನಿನಿಂದ ನೀನು ಕಳಿಸಿದ ಸರ್ಕ್ಯೂಟ್ ಚಿತ್ರ ನೋಡಿದೆ. ಹತ್ತು ಬ್ಯಾಂಡಿನ ಸ್ಟೀರಿಯೊ ಗ್ರಾಫಿಕ್ ಈಕ್ವಲೈಜರ್, ಮುಂಭಾಗದಲ್ಲಿ ಸಾಲಾಗಿ ಇಪ್ಪತ್ತು ಸ್ಲೈಡರ್. ನೋಡಲು ಚೆಂದ. ಆದರೆ ನೀನು ಬೆಸುಗೆ ಹಾಕಲು ಕಲಿತದ್ದು ಈಗಷ್ಟೇ. ಅದನ್ನು ಮೂರನೆಯ ಪ್ರಾಜೆಕ್ಟ್ ಆಗಿ ಇಟ್ಟುಕೋ. ಮೊದಲನೆಯದಾಗಿ ಬಾಸ್‌ಗೆ ಒಂದು, ಟ್ರೆಬಲ್‌ಗೆ ಒಂದು, ಹೀಗೆ ಎರಡೇ ಗುಂಡಿಯ ಟೋನ್ ಕಂಟ್ರೋಲ್ ಮಾಡು. ನಿನ್ನ ಓರಗೆಯವರು ಹಲವರು ಇದನ್ನೇ ಕೇಳುತ್ತಿರುವುದರಿಂದ ಎಲ್ಲರೂ ಓದಲಿ ಎಂದು ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಆಂಪ್ಲಿಫೈಯರ್ ತಪ್ಪಾಗಿ ಕಟ್ಟಿದರೆ ಸಾಮಾನ್ಯವಾಗಿ ಮೂಕವಾಗುತ್ತದೆ, ಇಲ್ಲವೇ ಅರಚುತ್ತದೆ. ತಪ್ಪಿದೆ ಎಂದು ಆಗಲೇ ಗೊತ್ತಾಗಿಬಿಡುತ್ತದೆ. ಈಕ್ವಲೈಜರ್ ಹಾಗಲ್ಲ. ಒಂದು ಕೆಪಾಸಿಟರ್ ಹತ್ತು ಪಟ್ಟು ದೊಡ್ಡದು ಬಿದ್ದರೂ ಹಾಡು ಬರುತ್ತಲೇ ಇರುತ್ತದೆ, ಎಲ್ಲೋ ಸ್ವಲ್ಪ ಸರಿಯಿಲ್ಲ ಅನ್ನಿಸುತ್ತದೆ ಅಷ್ಟೇ. ನಿನ್ನ ಚಿತ್ರದಲ್ಲಿ ಪ್ರತಿ ಬ್ಯಾಂಡಿಗೂ ಒಂದು ಆಪ್ ಆಂಪ್ (ಆಪರೇಷನಲ್ ಆಂಪ್ಲಿಫೈಯರ್), ಎರಡು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ಸ್ಲೈಡರ್ ಇವೆ. ಅಂಥವು ಇಪ್ಪತ್ತು. ಯಾವ ಬ್ಯಾಂಡ್ ತಪ್ಪಿದೆ ಎಂದು ಗುರುತಿಸುವ ಕಿವಿ ಇನ್ನೂ ಪಳಗಿಲ್ಲದಾಗ ಆ ಕಾಡಿಗೆ ಇಳಿಯಬೇಡ. ತಪ್ಪಾದರೆ ನಿನಗೇ ಕೇಳಿಸುವಂಥದ್ದನ್ನು ಮೊದಲು ಆರಿಸಿಕೋ.

ಈ ವಿದ್ಯೆಗೂ ನೀನಿರುವ ಟೆಕ್ಸಸ್‌ಗೂ ಹಳೆಯ ನಂಟಿದೆ. 1958ರಲ್ಲಿ ವೇನ್ ರಡ್‌ಮೋಸ್ ಡಲ್ಲಾಸಿನ ಲವ್ ಫೀಲ್ಡ್ ವಿಮಾನ ನಿಲ್ದಾಣದ ಧ್ವನಿವರ್ಧಕಗಳನ್ನು ಈಕ್ವಲೈಜರ್‌ನಿಂದ ಸರಿಪಡಿಸಿದ ಕೆಲಸದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅವರ ಗೆಳೆಯ ಸಿ. ಪಿ. ಬೋನರ್ ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮೈಕ್ ಕೂಗುವಾಗ ಒಂದು ನಿರ್ದಿಷ್ಟ ಫ್ರೀಕ್ವೆನ್ಸಿಯಲ್ಲೇ ಕೂಗುತ್ತದೆ, ಅದೊಂದನ್ನು ಕಿರಿದಾದ ಫಿಲ್ಟರ್‌ನಿಂದ ತಗ್ಗಿಸಿದರೆ ಕೂಗು ನಿಲ್ಲುತ್ತದೆ ಎಂದು ಅವರು 1960ರ ದಶಕದ ಆರಂಭದಲ್ಲಿ ತರ್ಕಿಸಿದರು. ಆ ಫಿಲ್ಟರ್ ತಯಾರಿಸಿಕೊಟ್ಟವರು ಅವರ ಹಳೆಯ ವಿದ್ಯಾರ್ಥಿ ಗಿಫರ್ಡ್ ವೈಟ್. ನಮ್ಮ ರಾಜ್ಯೋತ್ಸವದ ಸಭಾಂಗಣದಲ್ಲಿ ಭಾಷಣದ ನಡುವೆ ಮೈಕ್ ಕಿವಿ ಕೊರೆಯುವಂತೆ ಕೂಗಿದ್ದನ್ನು ನೀನೂ ಕೇಳಿದ್ದೀಯ. ಅಂಥ ಕೂಗು ನಿಲ್ಲಿಸಲು ಬೋನರ್ ಗುಂಡಿಗಳ ಸಾಲಿನಿಂದ ಹೊರಡಲಿಲ್ಲ. ತೊಂದರೆ ಎಲ್ಲಿದೆ ಎಂದು ಮೊದಲು ಹುಡುಕಿ, ಅಲ್ಲಿಗೆ ಮಾತ್ರ ಕೈ ಹಾಕಿದರು. ಅವರಿಂದ ನೀನು ಕಲಿಯಬೇಕಾದ ಕ್ರಮ ಇದು.

ಈಗ ಕೆಲಸಕ್ಕೆ ಬರೋಣ. ನೀನು ಮಾಡಬೇಕಾದದ್ದು ಇಂಗ್ಲೆಂಡಿನ ಪೀಟರ್ ಬ್ಯಾಕ್ಸಂಡಾಲ್ 1952ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಿನ್ಯಾಸ. ಇವತ್ತಿಗೂ ಅದನ್ನು ಮೀರಿಸುವ ಪಾಠವಿಲ್ಲ. ಎಡ ಬಲ ಎರಡೂ ಬೇಡ, ಒಂದೇ ಚಾನೆಲ್ ಕಟ್ಟು. ಒಂದು ಟಿಎಲ್072 ಚಿಪ್ ಸಾಕು. ಅದರೊಳಗೆ ಎರಡು ಆಪ್ ಆಂಪ್‌ಗಳಿವೆ. ಒಂದು ಬರುವ ಸಿಗ್ನಲ್‌ಗೆ ಬಫರ್ ಆಗಲಿ, ಇನ್ನೊಂದು ಟೋನ್ ಕಂಟ್ರೋಲ್ ಆಗಲಿ. ಜ್ಯಾಕ್ ಕಿಲ್ಬಿ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟ್ ತೋರಿಸಿದ್ದು ರಡ್‌ಮೋಸ್ ಪ್ರಬಂಧ ಬಂದ ಅದೇ 1958ರಲ್ಲಿ, ಇದೇ ಡಲ್ಲಾಸಿನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ. ನಿನ್ನ ಚಿಪ್ಪೂ ಅದೇ ಕಂಪನಿಯದು.

ವಿದ್ಯುತ್ತಿಗೆ ಎರಡು 9 ವೋಲ್ಟ್ ಬ್ಯಾಟರಿ ಸರಣಿಯಲ್ಲಿ ಜೋಡಿಸು. ನಡುವಿನ ಕೂಡುಬಿಂದುವೇ ಗ್ರೌಂಡ್. ಚಿಪ್ಪಿನ 8ನೇ ಕಾಲಿಗೆ ಪ್ಲಸ್, 4ನೇ ಕಾಲಿಗೆ ಮೈನಸ್. ತಿರುವುಮುರುವಾದರೆ ಚಿಪ್ ಸುಟ್ಟೀತು, ಆದ್ದರಿಂದ ಸಾಕೆಟ್ ಹಾಕು. ಆ ಎರಡೂ ಕಾಲುಗಳ ಪಕ್ಕದಲ್ಲೇ ಗ್ರೌಂಡಿಗೆ ಒಂದೊಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು, ಇಲ್ಲದಿದ್ದರೆ ಸರ್ಕ್ಯೂಟ್ ತಾನಾಗಿ ಕಂಪಿಸಬಹುದು. ಮೊದಲ ಪ್ರಾಜೆಕ್ಟ್‌ನಲ್ಲಿ ಗೋಡೆಯ 120 ವೋಲ್ಟ್ ಮುಟ್ಟಲೇಬೇಡ. ಇದೊಂದು ಮಾತು ಮೀರಬೇಡ.

ಲೆಕ್ಕವನ್ನೂ ಕೈಯಿಂದಲೇ ಮಾಡು. 2, ಪೈ, ರೆಸಿಸ್ಟೆನ್ಸ್, ಕೆಪಾಸಿಟೆನ್ಸ್ ನಾಲ್ಕನ್ನೂ ಗುಣಿಸಿ, ಬಂದದ್ದರಿಂದ ಒಂದನ್ನು ಭಾಗಿಸು. ಕಂದು, ಕಪ್ಪು, ಕಿತ್ತಳೆ ಪಟ್ಟಿಯ 10,000 ಓಮ್ ರೆಸಿಸ್ಟರ್ ಜೊತೆ ‘104’ ಎಂದು ಬರೆದ ಕೆಪಾಸಿಟರ್, ಅಂದರೆ 0.1 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 159 ಹರ್ಟ್ಸ್ ಬರುತ್ತದೆ. ‘103’ ಹಾಕಿದರೆ ಸುಮಾರು 1,590. ಒಂದು ಅಂಕಿ ತಪ್ಪಿ ಓದಿದರೆ ಬಾಸ್ ಗುಂಡಿ ಗಾಯಕಿಯ ಕಂಠಕ್ಕೇ ಕೈ ಹಾಕುತ್ತದೆ.

ಕಟ್ಟಿದ ಮೇಲೆ ಎರಡೂ ಗುಂಡಿ ನಡುವೆ ಇಟ್ಟು, ಫೋನಿನಿಂದ 100, 1,000, 10,000 ಹರ್ಟ್ಸ್ ಸ್ವರಗಳನ್ನು ಸಣ್ಣ ದನಿಯಲ್ಲಿ ಹಾಯಿಸು. ಒಳಗೆ ಹೋದಷ್ಟೇ ಹೊರಗೆ ಬರಬೇಕು. ಬಾಸ್ ತಿರುಗಿಸಿದಾಗ 100 ಚೆನ್ನಾಗಿ ಏರಿಳಿಯಬೇಕು, 10,000 ಅಲುಗಬಾರದು. ಟ್ರೆಬಲ್ ತಿರುಗಿಸಿದಾಗ ಇದರ ತಿರುವುಮುರುವು. ಅಗ್ಗದ ಮಲ್ಟಿಮೀಟರ್‌ನ ಎಸಿ ಅಳತೆಯನ್ನು 10,000 ಹರ್ಟ್ಸ್‌ನಲ್ಲಿ ನಂಬಬೇಡ, ಅಲ್ಲಿ ಕಿವಿಯೇ ವಾಸಿ.

ಇನ್ನೊಂದು ಅಭ್ಯಾಸ ಮೊದಲ ದಿನದಿಂದಲೇ ಬರಲಿ: ಏರಿಸುವುದಕ್ಕಿಂತ ತಗ್ಗಿಸು. ಬಾಸನ್ನು 12 ಡೆಸಿಬೆಲ್ ಏರಿಸಿದರೆ ವೋಲ್ಟೇಜ್ ನಾಲ್ಕು ಪಟ್ಟು, ಪವರ್ ಹದಿನಾರು ಪಟ್ಟು ಆಗುತ್ತದೆ. 10 ವಾಟ್ ಕೇಳುತ್ತಿದ್ದ ಜಾಗದಲ್ಲಿ 160 ವಾಟ್ ಬೇಕು. ನಿನ್ನ ಪುಟ್ಟ ಆಂಪ್ಲಿಫೈಯರ್ ಅದನ್ನು ಎಲ್ಲಿಂದ ತಂದೀತು? ಕೋಣೆಯನ್ನೂ ಗಮನಿಸು. 12 ಅಡಿ ಉದ್ದದ ಕೋಣೆ ಸುಮಾರು 47 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಎರಡು ಗುಂಡಿಯಿಂದ ಅದೊಂದನ್ನೇ ತಗ್ಗಿಸಲಾಗದು. ಆ ಕೊರತೆ ನಿನ್ನ ಕಿವಿಗೆ ತಟ್ಟಿದಾಗ ಎರಡನೆಯ ಪ್ರಾಜೆಕ್ಟ್ ತಾನಾಗಿ ಹುಟ್ಟುತ್ತದೆ: ಬೋನರ್ ಬಳಸಿದಂಥ, ಒಂದೇ ಫ್ರೀಕ್ವೆನ್ಸಿಗೆ ಮೀಸಲಾದ ನಾಚ್ ಫಿಲ್ಟರ್. ಅದಾದ ಮೇಲೆ ಹತ್ತು ಬ್ಯಾಂಡ್ ಕಟ್ಟುವಾಗ ಪ್ರತಿ ಸ್ಲೈಡರ್ ಏಕಿದೆ ಎಂದು ನಿನಗೆ ಗೊತ್ತಿರುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಬಿಡಿಭಾಗ ಆರಿಸುವ ಭಾಗ್ಯ ಇಲ್ಲಿಲ್ಲ. ಫ್ರೈಸ್ ಎಲೆಕ್ಟ್ರಾನಿಕ್ಸ್ ಮಳಿಗೆಗಳು ಕೂಡ 2021ರಲ್ಲಿ ಬಾಗಿಲು ಹಾಕಿದವು. ಆದರೆ ಬಿಡಿಭಾಗ ಮಾರುವ ಮೌಸರ್ ಕಂಪನಿಯ ಉಗ್ರಾಣ ನಮ್ಮ ಪಕ್ಕದ ಮ್ಯಾನ್ಸ್‌ಫೀಲ್ಡ್‌ನಲ್ಲೇ ಇದೆ, ತರಿಸಿಕೋ. ಪ್ರತಿ ಮೌಲ್ಯದ ರೆಸಿಸ್ಟರನ್ನೂ ಬೇಕಾದ್ದಕ್ಕಿಂತ ನಾಲ್ಕು ಹೆಚ್ಚೇ ತರಿಸು.

ಮುಗಿದ ಮೇಲೆ ಫೋಟೊ ಕಳಿಸುವುದು ಆಮೇಲಿರಲಿ. ಮೂರು ಸ್ವರಗಳಲ್ಲಿ, ಗುಂಡಿ ಎಡಕ್ಕೆ, ನಡುವೆ, ಬಲಕ್ಕೆ ಇದ್ದಾಗ ಏನು ಕೇಳಿಸಿತು ಎಂದು ಪಟ್ಟಿ ಮಾಡಿ ಬರೆ. ಕೋಣೆಯ ಉದ್ದ, ಅಗಲ, ಎತ್ತರವನ್ನೂ ಅಳೆದು ಜೊತೆಗೆ ಸೇರಿಸು. ಎರಡನೆಯ ಪ್ರಾಜೆಕ್ಟ್ ಯಾವ ಫ್ರೀಕ್ವೆನ್ಸಿಗೆ ಎಂದು ಆ ಪಟ್ಟಿ ನೋಡಿ ನಿಶ್ಚಯಿಸೋಣ.

ಇತಿ,
ನಿನ್ನ ಹಿತೈಷಿ